ಬೂದು ಬಂಪರ್ ಕಪ್ಪಾದ ದಿನ

ಏಳು ವರ್ಷ ಬಿಸಿಲಲ್ಲೇ ನಿಂತ ಕಾರು. ಬಣ್ಣ ಹೊಡೆದ ಬಾಡಿ ಇನ್ನೂ ಮಿರಮಿರ ಅನ್ನುತ್ತಿದೆ. ಆದರೆ ಬಂಪರಿನ ಕೆಳಭಾಗ, ನಾಲ್ಕೂ ಚಕ್ರಗಳ ಮೇಲಿನ ಕ್ಲಾಡಿಂಗ್ ಎಂಬ ಹೊದಿಕೆ, ಬಾಗಿಲ ಪಟ್ಟಿಗಳು, ಕನ್ನಡಿಯ ಬುಡ, ಮುಂಗಾಜಿನ ಬುಡದಲ್ಲಿ ವೈಪರ್ ಕೂತಿರುವ ಕೌಲ್, ಅಂದರೆ ಬಣ್ಣ ಕಾಣದ ಕಪ್ಪು ಪ್ಲಾಸ್ಟಿಕ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೂದಿ ಸವರಿದ ಹಾಗಿದೆ. ಇಂಥ ಕಾರು ಎದುರಿಗೆ ನಿಂತಾಗ ಕೈ ನೇರವಾಗಿ ಹೋಗುವುದು ಈ ಪ್ಲಾಸ್ಟಿಕ್ ಭಾಗಗಳನ್ನು, ಅಂದರೆ ಟ್ರಿಮ್ಮನ್ನು, ಮತ್ತೆ ಕಪ್ಪಾಗಿಸುವ 'ಟ್ರಿಮ್ ರಿಸ್ಟೋರರ್' ಬಾಟಲಿಯ ಕಡೆಗೆ. ಅದನ್ನು ಮಧ್ಯಾಹ್ನದವರೆಗೆ ಮುಟ್ಟದಿದ್ದರೇ ಒಳ್ಳೆಯದು. ಬೆಳಿಗ್ಗೆ ಬೇಕಾದದ್ದು ಒಂದು ಮಗ್ ನೀರು.

ಬಾಗಿಲ ಕೆಳಗಿನ ಪಟ್ಟಿಯ ಮೇಲೆ ನೀರು ಎರಚಿದೊಡನೆ ಬೂದು ಮಾಯವಾಗಿ ಅಪ್ಪಟ ಕಪ್ಪು ಕಾಣಿಸಿತು. ಹತ್ತು ನಿಮಿಷದಲ್ಲಿ ನೀರು ಆರಿತು, ಬೂದು ವಾಪಸ್ ಬಂತು. ಕಾಯಿಲೆ ಯಾವುದು ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ. ಈ ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕೊಡುವುದು ಒಳಗೆಲ್ಲ ಬೆರೆತಿರುವ ಕಾರ್ಬನ್ ಬ್ಲ್ಯಾಕ್. ಅದು ಎಲ್ಲಿಗೂ ಹೋಗಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಮೇಲ್ಮೈಯ ಪಾಲಿಮರ್ ಸರಪಳಿಗಳನ್ನು ತುಂಡರಿಸಿ, ಗಾಳಿಯ ಆಮ್ಲಜನಕ ಅವನ್ನು ಇನ್ನಷ್ಟು ಹಾಳುಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಎದ್ದಿವೆ. ಬೆಳಕು ಆ ಬಿರುಕುಗಳಲ್ಲಿ ಚದುರುವುದರಿಂದ ಕಪ್ಪು ಬೂದಾಗಿ ತೋರುತ್ತದೆ. ನೀರು ಬಿರುಕು ತುಂಬಿಕೊಂಡಾಗ ಚದುರುವಿಕೆ ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ನೀರಿನಲ್ಲಿ ಕಪ್ಪಾಗುವ ಪ್ಲಾಸ್ಟಿಕ್ಕಿಗೆ ಬಿರುಕು ತುಂಬಿ ಅಲ್ಲೇ ಗಟ್ಟಿಯಾಗುವ ಕೋಟಿಂಗ್ ಸಾಕು. ನೀರು ಹಾಕಿದರೂ ಬೂದಾಗಿಯೇ ಉಳಿದರೆ, ಒರೆಸಿದಾಗ ಸುಣ್ಣದಂಥ ಪುಡಿ ಬೆರಳಿಗೆ ಬರುತ್ತಿದ್ದರೆ, ಬಣ್ಣ ಬೆರೆತ ಡೈ ಅಥವಾ ಪೇಂಟ್ ಬೇಕು. ಪಾರದರ್ಶಕ ಕೋಟಿಂಗ್ ಅಲ್ಲಿ ಸೋಲುತ್ತದೆ.

ಈ ಕಾರಿನಲ್ಲಿ ಕೌಲ್ ಒಂದು ಬಿಟ್ಟು ಉಳಿದದ್ದೆಲ್ಲ ನೀರಿನ ಪರೀಕ್ಷೆಯಲ್ಲಿ ಪಾಸಾಯಿತು. ಕೌಲ್ ಫೇಲಾಗುವುದು ಹೊಸ ಸಂಗತಿಯೇನಲ್ಲ. ಅದು ಹೆಚ್ಚುಕಡಿಮೆ ಮಲಗಿದ ಭಾಗ, ಇಡೀ ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಸಾಲದ್ದಕ್ಕೆ ಬಾನೆಟ್ಟಿನ ಶಾಖ ಬೇರೆ.

ತೊಳೆಯುವ ಮೊದಲು ಇನ್ನೊಂದು ನೋಟ ಬೇಕು. ಮಾಸಿದ್ದೆಲ್ಲ ಒಂದೇ ಬಗೆಯದಲ್ಲ. ಇಡೀ ಭಾಗ ಒಂದೇ ಸಮನೆ ಬೂದಾಗಿದ್ದರೆ ಅದು ಬಿಸಿಲಿನ ಕೆಲಸ. ಬಣ್ಣ ಮತ್ತು ಪ್ಲಾಸ್ಟಿಕ್ ಸೇರುವ ಅಂಚಿನಲ್ಲಿ ಮಾತ್ರ ಬಿಳಿ ಗೀರು, ಬಿಳಿ ಚುಕ್ಕೆ ಇದ್ದರೆ ಅದು ಯಾರೋ ಟೇಪ್ ಹಚ್ಚದೆ ಪಾಲಿಶ್ ಮಾಡಿದಾಗ ಪ್ಲಾಸ್ಟಿಕ್ಕಿನ ಒರಟು ತರಿಗಳೊಳಗೆ ಸಿಕ್ಕಿ ಒಣಗಿದ ವ್ಯಾಕ್ಸ್. ಮೋಡದ ಹಾಗೆ ತೇಪೆ ತೇಪೆಯಾಗಿ ಕೆಲವೆಡೆ ಕಪ್ಪು, ಕೆಲವೆಡೆ ಕಂದು ಇದ್ದರೆ ಅದು ಹೊಳಪಿಗೆಂದು ಸವರಿದ ದ್ರವದ, ಅಂದರೆ ಹಳೇ ಡ್ರೆಸ್ಸಿಂಗಿನ ಜಿಡ್ಡು. ಎಲ್ಲೋ ಉಜ್ಜಿಕೊಂಡ ಜಾಗದಲ್ಲಿ ಬೆಳ್ಳಗಿದ್ದರೆ ಅದು ಗೀರು. ಪ್ಲಾಸ್ಟಿಕ್ಕಿಗೆ ಬೆರೆಸಿದ ಟಾಲ್ಕ್ ಪುಡಿಯಿಂದಾಗಿ ಗೀರು ಇನ್ನೂ ಎದ್ದು ಕಾಣುತ್ತದೆ. ಕ್ಲಾಡಿಂಗಿನ ಒಳಮೈಯಲ್ಲಿ ಅಚ್ಚೊತ್ತಿರುವ ಗುರುತು ನೋಡಿದರೆ ಇದು ತಿಳಿಯುತ್ತದೆ: 'ಪಿಪಿ+ಇಪಿಡಿಎಂ-ಟಿಡಿ20' ಅಂದರೆ ಪಾಲಿಪ್ರೊಪಿಲೀನ್, ಜೊತೆಗೆ ರಬ್ಬರ್, ಅದರಲ್ಲಿ ಶೇಕಡಾ 20ರಷ್ಟು ಟಾಲ್ಕ್. ಈ ಕಾರಿನಲ್ಲಿ ಮಾಸಿದ ನಾಲ್ಕು ಬಗೆಯೂ ಇದ್ದವು.

ತೊಳೆಯುವುದಕ್ಕೇ ಮೂರು ಗಂಟೆ ಹಿಡಿಯಿತು. ಅದು ಹೆಚ್ಚಲ್ಲ. ಮೊದಲು ಶಾಂಪೂವಿನಿಂದ ಇಡೀ ಕಾರು. ಆಮೇಲೆ ಆಲ್ ಪರ್ಪಸ್ ಕ್ಲೀನರ್, ಒಂದು ಪಾಲಿಗೆ ಹತ್ತು ಪಾಲು ನೀರು. ನೆರಳಲ್ಲಿ, ಮುಟ್ಟಿದರೆ ತಣ್ಣಗಿರುವ ಪ್ಲಾಸ್ಟಿಕ್ ಮೇಲೆ ಸಿಂಪಡಿಸಿ, ಒಂದು ನಿಮಿಷ ಬಿಟ್ಟು, ಮೆತ್ತನೆ ನೈಲಾನ್ ಬ್ರಷ್ಷಿನಿಂದ ನಾಲ್ಕು ದಿಕ್ಕಿಗೂ ಉಜ್ಜಬೇಕು. ಪ್ಲಾಸ್ಟಿಕ್ಕಿನ ತರಿಗೆ ಒಂದು ವಾಲು ಇರುತ್ತದೆ; ಒಂದೇ ದಿಕ್ಕಿಗೆ ಉಜ್ಜಿದರೆ ತರಿಯ ಒಂದು ಬದಿಯ ಕೊಳೆ ಹಾಗೇ ಉಳಿಯುತ್ತದೆ. ಸಂದಿಗೆ ಹಳೇ ಟೂತ್‌ಬ್ರಷ್. ಮೊದಲ ಸುತ್ತಿನ ನೊರೆ ಕಾಫಿ ಬಣ್ಣಕ್ಕಿತ್ತು. ಅದು ಧೂಳಿನ ಬಣ್ಣವಲ್ಲ, ಹಳೇ ಡ್ರೆಸ್ಸಿಂಗಿನ ಸಿಲಿಕೋನ್ ಎಣ್ಣೆಯಲ್ಲಿ ಸಿಕ್ಕಿಕೊಂಡ ಧೂಳಿನದು. ಎರಡನೇ ಸುತ್ತಿಗೆ ತೆಳು ಬೂದು, ಮೂರನೆಯದಕ್ಕೆ ಬಿಳಿ ನೊರೆ. ಬಿಳಿ ಬರುವವರೆಗೆ ನಿಲ್ಲಿಸಬಾರದು. ಹಟ ಹಿಡಿದ ಕಡೆ ಒಂದಕ್ಕೆ ನಾಲ್ಕರಷ್ಟು ಗಾಢ ಮಾಡಬಹುದು, ಅದಕ್ಕಿಂತ ಹೆಚ್ಚು ಬೇಡ. ಕಾಸ್ಟಿಕ್ ಇರುವ ಕಟು ಡಿಗ್ರೀಸರ್ ಬಿಸಿ ಪ್ಲಾಸ್ಟಿಕ್ ಮೇಲೆ ಒಣಗಿದರೆ ಬಿಳಿ ಸೋರಿಕೆ ಗುರುತು ಬಿಡುತ್ತದೆ, ಮತ್ತೆ ಅದನ್ನು ತೆಗೆಯುವುದೇ ಒಂದು ಕೆಲಸ. ಪೆಟ್ರೋಲು, ಥಿನ್ನರ್ ಹತ್ತಿರ ತರಲೇಬಾರದು, ಪ್ಲಾಸ್ಟಿಕ್ಕಿನಲ್ಲಿರುವ ರಬ್ಬರ್ ಅಂಶ ಉಬ್ಬುತ್ತದೆ.

ಅಂಚಿನ ವ್ಯಾಕ್ಸ್ ಗುರುತು ಬ್ರಷ್ಷಿಗೂ ಜಗ್ಗಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಒತ್ತಿ ಹಿಡಿದು ವ್ಯಾಕ್ಸ್ ಮೆತ್ತಗಾದ ಮೇಲೆ ಬ್ರಷ್ ಹಾಕಿದರೆ ಮುಕ್ಕಾಲು ಹೋಯಿತು. ಉಳಿದದ್ದಕ್ಕೆ ಪೆನ್ಸಿಲ್ ಅಳಿಸುವ ಸಾಮಾನ್ಯ ರಬ್ಬರ್. ನಗು ಬಂದರೂ ಸಣ್ಣ ಗುರುತಿಗೆ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಮೆಲಮೈನ್ ಸ್ಪಂಜಿನಿಂದಲೂ ಹೋಗುತ್ತದೆ. ಆದರೆ ಅದು ನಿಜಕ್ಕೂ ನಯವಾದ ಉಜ್ಜುಕಾಗದ. ತರಿಯ ತುದಿ ಸವೆದು ಆ ಜಾಗ ಶಾಶ್ವತವಾಗಿ ಹೊಳೆಯತೊಡಗುತ್ತದೆ.

ತೊಳೆದ ಮೇಲೆ ಒಣಗಿಸುವುದರಲ್ಲಿ ಆತುರ ಪಟ್ಟವರು ಸಂಜೆಗೆ ಅನುಭವಿಸುತ್ತಾರೆ. ಕ್ಲಾಡಿಂಗಿನ ಹಿಂದೆ, ಕ್ಲಿಪ್ಪಿನ ತೂತುಗಳಲ್ಲಿ ನೀರು ಕೂತಿರುತ್ತದೆ. ಕೋಟಿಂಗ್ ಹಚ್ಚಿ ಐದು ನಿಮಿಷಕ್ಕೆ ಒಂದು ಹನಿ ಜಾರಿ ಬಂದರೆ ಅಲ್ಲೊಂದು ಬಿಳಿ ಗೆರೆ ಖಾಯಂ. ಬ್ಲೋವರಿನಿಂದ ಎಲ್ಲ ಸಂದಿಗೂ ಗಾಳಿ ಹೊಡೆದು, ಒಂದು ಗಂಟೆ ಬಿಟ್ಟು, ಮತ್ತೆ ಹೊಡೆಯಬೇಕು. ಕಡೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಪಾಲಿನಲ್ಲಿ ಬೆರೆಸಿ, ಬಟ್ಟೆಗೆ ಹಾಕಿಕೊಂಡು ಒರೆಸುವುದು. ಬಟ್ಟೆಯನ್ನು ಮಡಿಸಿ ಮಡಿಸಿ ಹೊಸ ಮುಖ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಇಲ್ಲಿಯ ಜಿಡ್ಡು ಅಲ್ಲಿಗೆ.

ಎಡವಟ್ಟು ಆದದ್ದೂ ಇಲ್ಲೇ. ಹಿಂದಿನ ಎಡ ಚಕ್ರದ ಕ್ಲಾಡಿಂಗ್ ನೋಡುವುದಕ್ಕೆ ಚೆನ್ನಾಗಿ ಕಪ್ಪಗಿತ್ತು. ಕಪ್ಪಗಿದೆಯಲ್ಲ ಅಂತ ಎರಡೇ ಸುತ್ತಿಗೆ ಬಿಟ್ಟದ್ದು. ಕಪ್ಪಗಿದ್ದದ್ದು ಹಳೇ ಡ್ರೆಸ್ಸಿಂಗ್ ಉಳಿದುಕೊಂಡಿದ್ದರಿಂದ! ಕೋಟಿಂಗ್ ಸವರಿದ ಕೂಡಲೇ ಅಲ್ಲಿ ಹರಡದೆ ಸಣ್ಣ ಸಣ್ಣ ಹನಿಗಳಾಗಿ ಮುದುಡಿಕೊಂಡಿತು. ಪಾಲಿಪ್ರೊಪಿಲೀನ್ ಮೊದಲೇ ಯಾವುದನ್ನೂ ಸುಲಭಕ್ಕೆ ಅಂಟಿಸಿಕೊಳ್ಳದ ವಸ್ತು, ಅದರ ಮೇಲೆ ಸಿಲಿಕೋನ್ ಪೊರೆಯಿದ್ದರೆ ಮುಗಿಯಿತು. ತಕ್ಷಣ ಆಲ್ಕೋಹಾಲಿನಿಂದ ಒರೆಸಿ ತೆಗೆದು, ಆ ತುಂಡನ್ನು ಮತ್ತೆ ಮೊದಲಿಂದ ತೊಳೆಯಬೇಕಾಯಿತು. ತೊಳೆದಾದ ಮೇಲೆ ಎಲ್ಲ ಭಾಗಕ್ಕೂ ನೀರು ಸಿಂಪಡಿಸಿ ನೋಡಿದ್ದರೆ ಇದು ಮುಂಚೆಯೇ ಸಿಕ್ಕಿಬೀಳುತ್ತಿತ್ತು. ನೀರು ಎಲ್ಲ ಕಡೆ ಒಂದೇ ರೀತಿ ನಿಲ್ಲಬೇಕು. ಒಂದು ಕಡೆ ಹರಡಿ ಇನ್ನೊಂದು ಕಡೆ ಮುತ್ತಿನ ಹಾಗೆ ನಿಂತರೆ ಅಲ್ಲಿ ಏನೋ ಉಳಿದಿದೆ ಎಂದರ್ಥ.

ಏನು ಹಚ್ಚುವುದು ಅನ್ನುವುದರಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ. ಎಣ್ಣೆಯ ಹಾಗಿರುವ ಹೊಳಪಿನ ಡ್ರೆಸ್ಸಿಂಗ್ ಬೇಡ. ಹಚ್ಚಿದ ದಿನ ಫೋಟೋ ಚೆನ್ನಾಗಿ ಬರುತ್ತದೆ, ವಾರದೊಳಗೆ ಧೂಳು ಅಂಟುತ್ತದೆ, ಮೊದಲ ಮಳೆಗೆ ಬಾಗಿಲ ಮೇಲೆ ಜಿಡ್ಡಿನ ಗೆರೆ ಇಳಿಯುತ್ತದೆ. ನೀರಿನ ಆಧಾರದ ಡ್ರೆಸ್ಸಿಂಗ್ ಅಷ್ಟು ಕೆಟ್ಟದ್ದಲ್ಲ, ಆದರೆ ಕೆಲವು ವಾರಗಳ ಮಾತು. ಅಡುಗೆ ಎಣ್ಣೆ, ಶೂ ಪಾಲಿಶ್, ಹಳೇ ಎಂಜಿನ್ ಆಯಿಲ್ ಇತ್ಯಾದಿಗಳ ಬಗ್ಗೆ ಹೇಳದಿರುವುದೇ ವಾಸಿ. ಬೇಯಿಸಿದ ಅಗಸೆ ಎಣ್ಣೆ ಮಾತ್ರ ಇವುಗಳಿಗಿಂತ ಬೇರೆ: ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ, ತೀರಾ ತೆಳ್ಳಗೆ ಸವರಿದರೆ ಸ್ವಲ್ಪ ಕಾಲ ನಿಲ್ಲುತ್ತದೆ. ಅದನ್ನು ಬಳಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ಮುಳುಗಿಸಿಡಬೇಕು ಇಲ್ಲವೇ ಹೊರಗೆ ಬಿಡಿಸಿ ಹರವಬೇಕು.

ಇಲ್ಲಿ ಆಯ್ದುಕೊಂಡದ್ದು ಪ್ಲಾಸ್ಟಿಕ್ಕಿಗೆಂದೇ ಇರುವ ಸೆರಾಮಿಕ್ ಕೋಟಿಂಗ್, ಅಂದರೆ ಸವರಿದ ಮೇಲೆ ಗಟ್ಟಿ ಪದರವಾಗುವ ಸಿಲಿಕಾ ದ್ರವ. ಇಡೀ ಕಾರಿನ ಟ್ರಿಮ್ಮಿಗೆ 30 ಮಿಲಿಲೀಟರ್ ಬಾಟಲಿ ಧಾರಾಳ. ಮೊದಲು ಬಣ್ಣದ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್. ಟೇಪ್ ಹಚ್ಚುವ ನಲವತ್ತು ನಿಮಿಷ ಬೇಜಾರು ನಿಜ, ಆದರೆ ಬಣ್ಣದ ಮೇಲೆ ಬಿದ್ದು ಗಟ್ಟಿಯಾದ ಕೋಟಿಂಗನ್ನು ಪಾಲಿಶ್ ಮಷೀನ್ ಹಾಕಿಯೇ ತೆಗೆಯಬೇಕಾಗುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ, ಫೋಮ್ ತುಂಡಿಗೆ ಸುತ್ತಿದ ಸ್ವೇಡ್ ಬಟ್ಟೆಗೆ ಐದಾರು ಹನಿ. ಒಮ್ಮೆಗೆ 30 ಸೆಂಟಿಮೀಟರ್ ಉದ್ದಗಲ ಮಾತ್ರ. ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಸವರಿ, ಬಾಟಲಿಯ ಮೇಲೆ ಹೇಳಿರುವಷ್ಟು ಹೊತ್ತು, ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷ, ಬಿಟ್ಟು ಚಿಕ್ಕ ಕೂದಲಿನ ಮೈಕ್ರೋಫೈಬರಿನಿಂದ ಹಗುರವಾಗಿ ಒರೆಸಬೇಕು. ಈ ಒರೆಸುವಿಕೆ ಹೊಳಪಿಗಲ್ಲ, ಹೆಚ್ಚಾದದ್ದನ್ನು ಸಮ ಮಾಡುವುದಕ್ಕೆ. ಬಿಟ್ಟರೆ ತರಿಯ ತಗ್ಗಿನಲ್ಲಿ ಕೋಟಿಂಗ್ ಮಡುಗಟ್ಟಿ, ಒಣಗಿದ ಮೇಲೆ ಕಾಮನಬಿಲ್ಲಿನ ಕಲೆ ಅಥವಾ ಮಿಂಚುವ ತೇಪೆ ಉಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತೇವದಿಂದ ಗಟ್ಟಿಯಾಗುವ ಕೋಟಿಂಗ್ ಬೇಗ ಹಿಡಿಯುತ್ತದೆ, ಆಗ ಅಳತೆಯನ್ನು 20 ಸೆಂಟಿಮೀಟರಿಗೆ ಇಳಿಸಬೇಕು. ಉದ್ದನೆಯ ಬಾಗಿಲ ಪಟ್ಟಿಯನ್ನು ನಡುವೆ ನಿಲ್ಲಿಸದೆ ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಯವರೆಗೆ ಮುಗಿಸಿದರೆ ಸೇರಿಕೆಯ ಗೆರೆ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಬಿಟ್ಟುಹೋದ ಜಾಗ ಮಸುಕಾಗಿ ಕಂಡುಬರುತ್ತದೆ.

ಬಹಳ ಒಣಗಿದ ಪ್ಲಾಸ್ಟಿಕ್ ಮೊದಲ ಪದರವನ್ನು ಕುಡಿದುಬಿಡುತ್ತದೆ. ಮುಂದಿನ ಬಂಪರ್ ಹಾಗೆಯೇ ಮಾಡಿತು. ಒಂದು ಗಂಟೆ ಬಿಟ್ಟು ಎರಡನೇ ಪದರ ಹಾಕಿದಾಗ ಬಣ್ಣ ಸರಿಹೋಯಿತು. ಮೂರನೆಯದು ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ಹೊಸ ಕಾರಿನ ಪ್ಲಾಸ್ಟಿಕ್ ಮಿಂಚುವುದಿಲ್ಲ, ಮಂದವಾಗಿರುತ್ತದೆ. ಒದ್ದೆ ಇದ್ದ ಹಾಗೆ ಕಂಡರೆ ಹೆಚ್ಚಾಗಿದೆ.

ಹಿಂದಿನ ಬಂಪರಿನ ಮೂಲೆಯಲ್ಲಿದ್ದ ಬಿಳಿ ಗೀರಿಗೆ ಕೋಟಿಂಗಿಗೂ ಮೊದಲೇ ಹೀಟ್ ಗನ್ ತೋರಿಸಿದ್ದಾಗಿತ್ತು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಗನ್ನಿನ ಮೂತಿಯಲ್ಲಿ ಬರುವ ಗಾಳಿ ಅದರ ಮೂರು ಪಟ್ಟೂ ಇರಬಹುದು. ಹಾಗಾಗಿ ಹತ್ತು ಸೆಂಟಿಮೀಟರ್ ದೂರ, ಕೈ ಒಂದು ಕ್ಷಣವೂ ನಿಲ್ಲದೆ ಆಡುತ್ತಿರಬೇಕು. ಬೂದು ಕಪ್ಪಿಗೆ ತಿರುಗಿದ ಗಳಿಗೆಯಲ್ಲೇ ಸರಿಸಬೇಕು. ಇನ್ನೆರಡು ಸೆಕೆಂಡ್ ಅಂದುಕೊಂಡರೆ ತರಿ ಕರಗಿ ಗಾಜಿನಂಥ ತೇಪೆ. ಇಡೀ ಕಾರನ್ನು ಹೀಟ್ ಗನ್ನಿನಿಂದಲೇ ಕಪ್ಪು ಮಾಡುವ ವಿಡಿಯೋಗಳು ಬಹಳ ಇವೆ. ಆಗುತ್ತದೆ, ಕೆಲವು ತಿಂಗಳಿಗೆ ಮತ್ತೆ ಬೂದೂ ಆಗುತ್ತದೆ. ಮೇಲ್ಮೈಯ ಬಿರುಕು ಕರಗಿ ಮುಚ್ಚಿತು ಅಷ್ಟೇ ಹೊರತು ಬಿಸಿಲನ್ನು ತಡೆಯುವಂಥದ್ದೇನೂ ಸೇರಲಿಲ್ಲ. ಬಣ್ಣ, ಸೆನ್ಸರ್, ಅಂಟಿಸಿದ ಪಟ್ಟಿಗಳ ಹತ್ತಿರ ಇದು ಬೇಡವೇ ಬೇಡ. ಹಳೇ ಜಿಡ್ಡು ತೊಳೆಯದ ಪ್ಲಾಸ್ಟಿಕ್ ಮೇಲೆ ಅಪಾಯವೂ ಹೌದು.

ಕೌಲಿಗೆ ಪೇಂಟ್. ವೈಪರ್ ತೋಳು ಬಿಚ್ಚುವ ಮೊದಲು ಗಾಜಿನ ಮೇಲೆ ಬ್ಲೇಡ್ ಎಲ್ಲಿ ನಿಂತಿತ್ತೋ ಅಲ್ಲಿ ಟೇಪಿನ ತುಂಡು ಹಚ್ಚಿದ್ದರಿಂದ ವಾಪಸ್ ಹಾಕುವಾಗ ತಲೆಬಿಸಿ ಇರಲಿಲ್ಲ. ಬಿಸಿಲಿಗೆ ಒಣಗಿದ ಕ್ಲಿಪ್ಪುಗಳು ಪಟ್ಟನೆ ಮುರಿಯುತ್ತವೆ, ಎರಡು ಮೂರು ಹೊಸವು ಕೈಲಿರಬೇಕು. ಹೊರಗೆ ತೆಗೆದ ಕೌಲನ್ನು ತೊಳೆದು, ಆಲ್ಕೋಹಾಲಿನಿಂದ ಒರೆಸಿ, ಪೇಂಟ್ ಅಂಟಿಕೊಳ್ಳುವಂತೆ ಮಾಡುವ ಪ್ಲಾಸ್ಟಿಕ್ ಅಡ್ಹೀಷನ್ ಪ್ರೊಮೋಟರ್ ತೆಳ್ಳಗೆ ಹೊಡೆದು, ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಮ್ಯಾಟ್ ಕಪ್ಪು ಟ್ರಿಮ್ ಪೇಂಟ್. 25 ಸೆಂಟಿಮೀಟರ್ ದೂರದಿಂದ ಮೂರು ತೆಳು ಪದರ, ನಡುನಡುವೆ ಹತ್ತು ಹದಿನೈದು ನಿಮಿಷ. ಪ್ರೊಮೋಟರ್ ಬಿಟ್ಟರೆ ಪೇಂಟ್ ಮೊದಲ ಪ್ರೆಷರ್ ವಾಷಿಗೆ ಹಾಳೆ ಹಾಳೆಯಾಗಿ ಏಳುತ್ತದೆ. ಕೌಲಿಗೆ ಡ್ರೆಸ್ಸಿಂಗ್ ಹಚ್ಚುವುದಂತೂ ದೊಡ್ಡ ತಪ್ಪು: ಮಳೆಯಲ್ಲಿ ಅದು ಗಾಜಿಗೆ ಬಂದು ವೈಪರ್ ಎಳೆದಲ್ಲೆಲ್ಲ ಮಂಜು ಹಿಡಿಸುತ್ತದೆ.

ಕೋಟಿಂಗ್ ಸವರಿದ ಸ್ವೇಡ್ ತುಂಡುಗಳನ್ನು ತೊಳೆದು ಇಡುವ ಉಳಿತಾಯ ಬೇಡ. ಒಣಗಿದ ಸಿಲಿಕಾ ಹರಳು ಮುಂದಿನ ಕಾರಿನ ಬಣ್ಣಕ್ಕೆ ಗೀರು ಹಾಕುತ್ತದೆ. ತೆರೆದ ಬಾಟಲಿಯೂ ಹೆಚ್ಚು ದಿನ ಬಾಳುವುದಿಲ್ಲ, ಒಳಗೇ ಗಟ್ಟಿಯಾಗುತ್ತದೆ.

ರಾತ್ರಿಯಿಡೀ ಕಾರು ಒಳಗೇ ನಿಂತಿತು. ಮೊದಲ 24 ಗಂಟೆ ನೀರು ತಾಗಬಾರದು, ವಾರದವರೆಗೆ ಶಾಂಪೂ ಬೇಡ. ಮಾರನೆ ಬೆಳಿಗ್ಗೆ ಬಿಸಿಲಿಗೆ ತಂದು ನೋಡಿದಾಗ ಬಲ ಬಾಗಿಲ ಪಟ್ಟಿಯಲ್ಲಿ ಒಂದು ಅಂಗೈಯಗಲ ಮಿಂಚುತ್ತಿತ್ತು. ಸವರಿ ಒರೆಸುವುದು ಮರೆತ ಜಾಗ. ಹೆಚ್ಚು ಗಟ್ಟಿಯಾಗಿರಲಿಲ್ಲ, ಬಟ್ಟೆಗೆ ಅದೇ ಕೋಟಿಂಗಿನ ಎರಡು ಹನಿ ಹಾಕಿ ಮೇಲೆ ಸವರಿದಾಗ ಹಳೇ ಪದರ ಮೆತ್ತಗಾಯಿತು, ಆಗ ಒರೆಸಿ ಸಮ ಮಾಡಲಾಯಿತು. ಎರಡು ದಿನ ಕಳೆದಿದ್ದರೆ ಇದು ನಡೆಯುತ್ತಿರಲಿಲ್ಲ.

ಮುಂದೆ ತೊಳೆಯುವಾಗ ಪಿಎಚ್ ತಟಸ್ಥವಾಗಿರುವ ಶಾಂಪೂ ಸಾಕು. ಬಾಡಿಗೆ ಪಾಲಿಶ್ ಹಾಕುವ ದಿನ ಟ್ರಿಮ್ಮಿಗೆ ಟೇಪ್ ಹಚ್ಚಲು ಹೇಳಬೇಕು, ಕೆಲಸ ಕೆಡುವುದು ಬಹುಪಾಲು ಅಲ್ಲೇ. ಎರಡು ಮೂರು ತಿಂಗಳಿಗೊಮ್ಮೆ ಸಿಲಿಕಾ ಇರುವ ಸ್ಪ್ರೇಯನ್ನು, ಬಟ್ಟೆಗೆ ಹೊಡೆದುಕೊಂಡು, ಸವರಿದರೆ ಪದರ ಬಾಳುತ್ತದೆ. ಮತ್ತೆ ಮಾಸುವುದು ಮೊದಲು ಮುಂದಿನ ಚಕ್ರದ ಹಿಂಬದಿಯ ಕ್ಲಾಡಿಂಗಿನಲ್ಲಿ, ಟೈರು ಎರಚುವ ಮರಳು ಕಲ್ಲು ಬಡಿಯುವ ಕಡೆ. ಅಲ್ಲಿ ನೀರು ಮುತ್ತುಗಟ್ಟುವುದು ನಿಂತಾಗ ಆ ಒಂದು ತುಂಡನ್ನು ಮಾತ್ರ ತೊಳೆದು ಹತ್ತು ಹನಿ ಹಚ್ಚಿದರೆ ಆಯಿತು, ಇಡೀ ಕಾರಿಗೆ ಮತ್ತೊಂದು ದಿನ ಕೊಡಬೇಕಾಗಿಲ್ಲ.