ಯಾರಿಗೆ ನಷ್ಟ?

ಸಭೆ ಮುಗಿದು ನಾಲ್ಕು ದಿನಗಳಾದರೂ ಎರಡೇ ಪದಗಳ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಲುವೆಯ ಆರಂಭದ ಮತ್ತು ಕೊನೆಯ ಭಾಗದ ರೈತರು, ಕುಡಿಯುವ ನೀರು ಪೂರೈಸುವವರು, ಮೀನುಗಾರರು ಎಲ್ಲರೂ ಒಂದೇ ಪರದೆಯ ಮುಂದೆ ಕುಳಿತು, ಜಲಾಶಯದ ಲೆಕ್ಕದ ಮಾದರಿಯನ್ನು ಜೊತೆಗೂಡಿ ಕಟ್ಟುವ ಮೂರನೆಯ ಸಭೆ ಅದು. ಒಳಹರಿವು, ಸಂಗ್ರಹ, ಹೊರಹರಿವುಗಳ ಚೌಕಗಳ ನಡುವೆ ಬಾಣಗಳನ್ನು ಎಳೆದಿದ್ದ ನಾನು, ಕಾಲುವೆಯಿಂದ ನೆಲಕ್ಕಿಳಿಯುವ ಬಾಣಕ್ಕೆ ‘ಸೋರಿಕೆ ನಷ್ಟ’ ಎಂದು ಹೆಸರಿಟ್ಟಿದ್ದೆ. ಹಿಂದಿನ ಎರಡು ಸಭೆಗಳಲ್ಲಿ ತುಟಿ ಬಿಚ್ಚದಿದ್ದ ಹಿರಿಯ ರೈತ ಮಹಿಳೆಯೊಬ್ಬರು ಎದ್ದು ಬಂದು, ಆ ಬಾಣದ ಮೇಲೆ ಬೆರಳಿಟ್ಟು ಕೇಳಿದರು: “ಯಾರಿಗೆ ನಷ್ಟ?”

“ಕಾಲುವೆಗೆ, ಅಮ್ಮ.”

“ಇಳಿದದ್ದು ನನ್ನ ಬಾವಿಗೆ ತಾನೆ ಬರುವುದು? ಕಾಲುವೆ ನಿಲ್ಲಿಸಿದ ತಿಂಗಳು ನೀರು ಮುಟ್ಟಲು ಹಗ್ಗ ಮೂರು ಗಂಟು ಹೆಚ್ಚು ಇಳಿಯಬೇಕಾಗುತ್ತದೆ.”

ಕಾಲುವೆಗೆ ಸಿಮೆಂಟ್ ಹೊದಿಸಿದರೆ ಅಂತರ್ಜಲಕ್ಕೆ ಇಂಗುವ ನೀರು ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ತಿಳಿದೂ ‘ನಷ್ಟ’ ಎಂದು ಬರೆದೆನಲ್ಲ ಎಂಬುದೇ ನಾಚಿಕೆ. ಸಿಮೆಂಟ್ ಹೊದಿಕೆಯ ಪರವಾಗಿದ್ದ ಎಂಜಿನಿಯರರು ಮಾತ್ರ “ಅದು ಪರಿಭಾಷೆ ಅಷ್ಟೇ” ಎಂದು ನಕ್ಕರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ನನಗಿಂತ ಚುರುಕು, ಆದರೆ ಪದಗಳಿಗೆ ಪಕ್ಷವಿರುವುದಿಲ್ಲ ಎಂದು ನಂಬಿದವರು. ಆ ನಂಬಿಕೆ ನನ್ನಲ್ಲಿಯೂ ಇದ್ದುದರಿಂದಲೇ ಬಾಣಕ್ಕೆ ಆ ಹೆಸರು ಬಂದಿತ್ತು.

ಆ ಒಂದು ಬಾಣವನ್ನು ಅಲ್ಲಿಯೇ ಮೂರಾಗಿ ಒಡೆದೆವು: ಆವಿಯಾಗಿ ಹೋಗುವುದು, ಬಾವಿಗಳಿಗೆ ಇಳಿಯುವುದು, ಬಸಿದು ಮತ್ತೆ ನದಿಯನ್ನು ಸೇರುವುದು. ಮತ್ತೆ ಲೆಕ್ಕ ಹಾಕಿದಾಗ, ಸಿಮೆಂಟ್ ಹೊದಿಕೆಯಿಂದ ‘ಉಳಿದ’ ನೀರಿನ ಬಹುಪಾಲು ಬಾವಿಗಳ ಸಾಲಿನಿಂದ ಕಡಿತವಾದದ್ದು ಪರದೆಯ ಮೇಲೆ ಕಾಣಿಸಿತು. ಅದುವರೆಗೆ ಒಬ್ಬರನ್ನೊಬ್ಬರು ದೂರುತ್ತಿದ್ದವರು ಮೊದಲ ಬಾರಿಗೆ ಅಂಕಿಗಳೊಂದಿಗೆ ಜಗಳಕ್ಕಿಳಿದರು. ಕೂಗಾಟವೇನೂ ತಗ್ಗಲಿಲ್ಲ ಎನ್ನಿ.

ಇಂತಹ ಸಭೆಗಳ ಆರಂಭದಲ್ಲಿ ನಾನು ತಪ್ಪದೆ ಹೇಳುವ ಕಥೆ ಅಮೆರಿಕದ ಪೊಟೋಮ್ಯಾಕ್ ನದಿಯದು. 1963ರಲ್ಲಿ ಅಲ್ಲಿನ ಸೇನೆಯ ಎಂಜಿನಿಯರುಗಳ ದಳವು 16 ದೊಡ್ಡ ಜಲಾಶಯಗಳನ್ನು ಸೂಚಿಸಿತ್ತು. ಅವುಗಳಲ್ಲಿ ಕಟ್ಟಿದ್ದು ಒಂದನ್ನೇ. ನೀರು ಪೂರೈಸುವ ಸಂಸ್ಥೆಗಳವರು ಗಣಕ ಮಾದರಿಯ ಮೇಲೆ ಬರಗಾಲದ ಅಣಕು ಆಟವಾಡಿ, ಜಲಾಶಯಗಳನ್ನು ಹೊಂದಾಣಿಕೆಯಿಂದ ನಡೆಸಿದರೆ ಕೊರತೆ ನೀಗುತ್ತದೆಂದು ಮನಗಂಡು, 1982ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಆ ಆಟಕ್ಕೆ ಕುಳಿತವರು ಬಹುಮಟ್ಟಿಗೆ ನೀರು ಪೂರೈಸುವ ಕೆಲಸದವರೇ, ‘ನಷ್ಟ’ ಎಂದರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅರ್ಥ ಎಂಬುದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಮುಂದಿನ ಸಭೆಗೆ ಆಕೆ ತಿಂಗಳುವಾರು ಗಂಟುಗಳ ಲೆಕ್ಕ ತರುವುದಾಗಿ ಒಪ್ಪಿದ್ದಾರೆ. ಎರಡು ಗಂಟುಗಳ ನಡುವೆ ಎಷ್ಟು ಅಂತರ ಎಂದು ಕೇಳಿದ್ದಕ್ಕೆ, ಎರಡೂ ಕೈ ಚಾಚಿ ತೋರಿಸಿ, “ನನ್ನ ಒಂದು ಮಾರು” ಎಂದರು. ಮಾದರಿಯ ಕಡತದಲ್ಲಿ ಅಳತೆಯ ಮಾನವನ್ನು ಬರೆಯಬೇಕಾದ ಜಾಗ ಸದ್ಯಕ್ಕೆ ಖಾಲಿ ಇದೆ.