ಐಲಮೊರಾಡದ ತಿಳಿನೀರಿನಲ್ಲಿ ಎರಡು ಮೀನು

ಅಘನಾಶಿನಿಯ ಅಳಿವೆಯಲ್ಲಿ ಗಾಳ ಹಾಕುತ್ತ ಬೆಳೆದ ನನಗೆ ಮೀನೆಂದರೆ ಬೆರಳಿಗೆ ತಾಗುವ ಜಗ್ಗು. ದಾರದ ತುದಿಗೆ ಸೀಸದ ಗುಂಡು ಕಟ್ಟಿ, ಸಿಗಡಿಯ ಚೂರು ಚುಚ್ಚಿ ಕಲಕುನೀರಿಗೆ ಎಸೆದು ಕಾಯುತ್ತಿದ್ದೆವು. ಕೆಳಗೆ ಏನಿದೆಯೆಂಬುದು ಅದು ಮೇಲೆ ಬಂದಾಗಲೇ ತಿಳಿಯುತ್ತಿತ್ತು. ಮೊದಲು ಮೀನನ್ನು ಕಣ್ಣಿನಿಂದ ಹುಡುಕಿ, ಅದು ಹೋಗುವ ದಿಕ್ಕನ್ನು ಅಂದಾಜು ಮಾಡಿ, ಆಮೇಲೆ ಗಾಳ ಎಸೆಯುವ ವಿದ್ಯೆಯನ್ನು ನಾನು ಕಂಡದ್ದು ಕಳೆದ ಏಪ್ರಿಲ್‌ನಲ್ಲಿ, ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಸಾಲಿನಲ್ಲಿ.

ಅಟ್ಲಾಂಟಾದಿಂದ ಕಾರಿನಲ್ಲಿ ಹೊರಟು ಮಯಾಮಿ ದಾಟಿದ ಮೇಲೆ, ದ್ವೀಪದಿಂದ ದ್ವೀಪಕ್ಕೆ ಸೇತುವೆಗಳನ್ನು ಹೊಲಿದಂತೆ ಸುಮಾರು 113 ಮೈಲಿ ಸಾಗುವ ಹೆದ್ದಾರಿ ಕೀ ವೆಸ್ಟ್ ತನಕ ಒಯ್ಯುತ್ತದೆ. 1912ರಲ್ಲಿ ಅಲ್ಲಿಗೆ ತಲುಪಿದ ರೈಲುಮಾರ್ಗ 1935ರ ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು. ಆ ಬಿರುಗಾಳಿಯಲ್ಲಿ ಸತ್ತವರ ಸ್ಮಾರಕ ಇದೇ ದ್ವೀಪಸಾಲಿನ ಐಲಮೊರಾಡ ಎಂಬ ಊರಿನ ರಸ್ತೆಬದಿಯಲ್ಲೇ ಇದೆ. ಕೀ ವೆಸ್ಟ್‌ನಲ್ಲಿ ಕಳೆದ ಎರಡು ದಿನಗಳ ಜನಜಂಗುಳಿಯ ಬಗ್ಗೆ ಬರೆಯುವ ಮನಸ್ಸಿಲ್ಲ. ಐಲಮೊರಾಡದ ಒಂದು ಚಿಕ್ಕ ಗಾಳದಂಗಡಿ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಆ ಅಂಗಡಿಗೆ ನಾನು ಹೋದದ್ದು ಸಿಟ್ಟಿನಲ್ಲಿ. ಹೊರಡುವ ಮುನ್ನ ಅಟ್ಲಾಂಟಾದ ದೊಡ್ಡ ಅಂಗಡಿಯೊಂದರಲ್ಲಿ, ಉಪ್ಪುನೀರಿಗೆ, ಬಿಸಿಲ ನಾಡಿಗೆ ಎಂದು ಎರಡು ಬಾರಿ ಬಿಡಿಸಿ ಹೇಳಿ ಒಂಬತ್ತು ಅಡಿಯ, ಎಂಟನೇ ನಂಬರಿನ ಫ್ಲೈ ರಾಡ್ (ಹಗುರವಾದ ಕೊಕ್ಕೆಯನ್ನು ಬೀಸಿ ಎಸೆಯುವ ಗಾಳದ ಕೋಲು), ದಾರ ಸುತ್ತುವ ರೀಲ್, ಲೈನ್ ಎನ್ನುವ ದಪ್ಪ ದಾರ ಎಲ್ಲವನ್ನೂ ಕೊಂಡಿದ್ದೆ. ಮೊದಲ ಸಂಜೆ ಹೋಟೆಲಿನ ದಂಡೆಯಲ್ಲಿ ನಿಂತು ಬೀಸಿದರೆ ಲೈನು ರಾಡಿನ ಉಂಗುರಗಳಿಗೆ ಬೆಲ್ಲದ ಪಾಕದಂತೆ ಅಂಟಿಕೊಂಡು, ಇಪ್ಪತ್ತೈದು ಅಡಿಯಾಚೆ ಹೋಗಲೊಲ್ಲದು. ಐಲಮೊರಾಡದ ಅಂಗಡಿಯ ಹಿರಿಯರು ಆ ಲೈನನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಎಳೆದು ನೋಡಿ, "ಇದು ಬೆಟ್ಟದ ಹೊಳೆಯ ಟ್ರೌಟ್ ಮೀನಿಗೆ ಮಾಡಿದ್ದು" ಎಂದರು. ತಣ್ಣೀರಿನ ಲೈನಿನ ಹೊದಿಕೆ ಮೆದು. ಬಿಸಿಲಿಗೆ ಇನ್ನಷ್ಟು ಮೆತ್ತಗಾಗಿ ಅಂಟುತ್ತದೆ. ಉಷ್ಣವಲಯದ ಲೈನು ಗಡುಸು, ಅದನ್ನು ಚಳಿಗೆ ಒಯ್ದರೆ ಸ್ಪ್ರಿಂಗಿನಂತೆ ಸುರುಳಿಗಟ್ಟುತ್ತದೆ. ಆದ್ದರಿಂದ ಇಂಥ ಪ್ರವಾಸಕ್ಕೆ ಹೊರಡುವವರು ಮಾರುವವನ ಮಾತನ್ನು ನಂಬಿ ಕೂರದೆ ಲೈನಿನ ಡಬ್ಬಿಯ ಮೇಲೆ 'ಟ್ರಾಪಿಕಲ್' ಎಂದು ಅಚ್ಚಾಗಿದೆಯೇ ಎಂದು ತಾವೇ ಓದಿಕೊಳ್ಳಬೇಕು. ಆ ತಪ್ಪು ಲೈನಿಗೆ ನೂರು ಡಾಲರಿನ ಹತ್ತಿರ ಕೊಟ್ಟದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಹೊಸ ಲೈನನ್ನು ರೀಲಿಗೆ ಸುತ್ತಿದ ಮೇಲೆ ಅವರು ನನ್ನನ್ನು ಅಂಗಡಿಯ ಹಿಂದಿನ ಹುಲ್ಲಿಗೆ ಕರೆದೊಯ್ದು ಬೀಸಿ ತೋರಿಸೆಂದರು. ನೋಡಿದವರೇ, "ನೀವು ಹಿಂದೆ ಸೀಸದ ಗುಂಡು ಎಸೆದವರಲ್ಲವೇ?" ಎಂದು ಕೇಳಿದರು. ಹೌದೆಂದೆ. ಗುಂಡು ಕಟ್ಟಿದ ಗಾಳದಲ್ಲಿ ತುದಿಯ ತೂಕವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ತುದಿಯಲ್ಲಿರುವುದು ಕೂದಲು, ಗರಿ, ಪುಟ್ಟ ಮಣಿ ಕಟ್ಟಿದ ಕೊಕ್ಕೆ, ಅದಕ್ಕೆ ತೂಕವೇ ಇಲ್ಲವೆನ್ನಬೇಕು. ತೂಕವಿರುವುದು ಲೈನಿಗೆ. ಎಂಟನೇ ನಂಬರಿನ ಲೈನಿನ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು ಹದಿಮೂರೂವರೆ ಗ್ರಾಂ ತೂಗುತ್ತದೆ. ಆ ತೂಕ ಹಿಂದಕ್ಕೆ ಪೂರ್ತಿ ಚಾಚಿಕೊಂಡಾಗಲೇ ರಾಡ್ ಬಾಗಿ ಬಲ ತುಂಬಿಕೊಳ್ಳುವುದು. "ಹಿಂದೆ ಹೋದ ಲೈನು ನೆಟ್ಟಗಾಗುವ ತನಕ ಕಾಯಿರಿ. ಬಲಗೈಗೆ ಆತುರ, ಎಡಗೈಗೆ ಸೋಮಾರಿತನ" ಎಂದರು. ಎಡಗೈ ಲೈನನ್ನು ಸರಕ್ಕನೆ ಕೆಳಗೆಳೆದು ವೇಗ ಕೊಡಬೇಕು. ಮೀನು ಕಚ್ಚಿದಾಗಲೂ ರಾಡ್ ಎತ್ತಕೂಡದು, ಅದೇ ಎಡಗೈಯಿಂದ ಲೈನನ್ನು ಹಿಂದಕ್ಕೆಳೆದು ಕೊಕ್ಕೆ ನೆಡಬೇಕು. ಒಂದು ಗಂಟೆಯ ಕಾಲ ಹಣದ ಮಾತೆತ್ತದೆ ಕಲಿಸಿದರು.

ನಡುವೆ ನಮ್ಮೂರಿನ ಬಗ್ಗೆ ಕೇಳಿದರು. ಇಳಿತದ ಹೊತ್ತಿನಲ್ಲಿ ಅಘನಾಶಿನಿ ಬರಿದಾಗಿ, ಹೆಂಗಸರು ಗಂಡಸರು ನೀರಿಗಿಳಿದು ಬಳಚು ಹೆಕ್ಕುವುದನ್ನು ವಿವರಿಸಿದೆ. ಅವರು ಕೈಯಲ್ಲಿದ್ದ ರಾಡನ್ನು ಗೋಡೆಗೆ ಒರಗಿಸಿ, ತಳ ಮರಳೋ ಕೆಸರೋ, ಹುಲ್ಲು ಬೆಳೆಯುತ್ತದೆಯೋ, ಭರತದ ನೀರು ಯಾವ ಕಡೆಯಿಂದ ಮೊದಲು ಏರುತ್ತದೆ ಎಂದು ಒಂದೊಂದಾಗಿ ಕೇಳಿದರು. ಹುಟ್ಟಿದ ಊರಿನ ನೀರಿನ ಬಗ್ಗೆ ಅಷ್ಟು ಶ್ರದ್ಧೆಯಿಂದ ಯಾರೂ ನನ್ನನ್ನು ಪ್ರಶ್ನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಗೊತ್ತುಮಾಡಿಕೊಟ್ಟ ಗೈಡ್ ಎಂಜಿನ್ ನಿಲ್ಲಿಸಿ, ದೋಣಿಯ ಹಿಂದಿನ ಎತ್ತರದ ಮಂಚದ ಮೇಲೆ ನಿಂತು ಉದ್ದನೆಯ ಜಲ್ಲೆಯಿಂದ ದೋಣಿಯನ್ನು ಸದ್ದಿಲ್ಲದೆ ನೂಕುತ್ತಿದ್ದರು. ಮೊಣಕಾಲಾಳದ ನೀರು, ತಳದಲ್ಲಿ ಆಮೆಹುಲ್ಲು ಎಂಬ ಕಡಲಹುಲ್ಲು. ನಾವು ಹುಡುಕುತ್ತಿದ್ದ ಬೋನ್‌ಫಿಶ್ ಎಂಬ ಮೀನಿನ ಮೈ ಬೆಳ್ಳಿಯ ಕನ್ನಡಿಯಂತಿರುವುದರಿಂದ ತಳದ ಬಣ್ಣವೇ ಅದರ ಬಣ್ಣ. ಕಾಣುವುದು ನೆರಳು ಮಾತ್ರ, ಅಥವಾ ಏಡಿ ಸಿಗಡಿಗಳಿಗಾಗಿ ತಲೆ ತಗ್ಗಿಸಿ ಕೆದಕುವಾಗ ನೀರಿನ ಮೇಲೆ ಮಿನುಗುವ ಬಾಲದ ತುದಿ. ದೋಣಿಯ ಮೂತಿಯನ್ನು ಹನ್ನೆರಡು ಗಂಟೆ ಎಂದಿಟ್ಟುಕೊಂಡು ಗೈಡ್ "ಹತ್ತು ಗಂಟೆ, ನಲವತ್ತು ಅಡಿ" ಎಂದು ಪಿಸುಗುಟ್ಟಿದರು. ಬಹಳ ಹೊತ್ತು ನನಗೆ ಹುಲ್ಲಷ್ಟೇ ಕಂಡಿತು. ಆಮೇಲೆ ಹುಲ್ಲಿನ ಒಂದು ಎಳೆ ಎಂದುಕೊಂಡದ್ದು ಗಾಳಿಗೆ ಎದುರಾಗಿ ಚಲಿಸಿತು.

ಮೊದಲ ಮೀನು ಕೊಕ್ಕೆಯನ್ನು ಹಿಂಬಾಲಿಸಿ ಬಂದು ಬಾಯಿಟ್ಟಿತು. ಬಾಲ್ಯದ ಅಭ್ಯಾಸ ನನ್ನ ಬಲಗೈಯನ್ನು ಮೇಲೆತ್ತಿತು, ಮೀನು ಹೋಯಿತು. ಎರಡನೆಯದಕ್ಕೆ ಎರಡು ಗಂಟೆ ಕಾದೆವು. ಈ ಬಾರಿ ಎಡಗೈ ಎಳೆಯಿತು, ಮರುಕ್ಷಣವೇ ಕಾಲಬಳಿ ಸುರುಳಿಯಾಗಿ ಬಿದ್ದಿದ್ದ ಲೈನೆಲ್ಲ ನೀರಿಗೆ ಹಾರಿ, ರೀಲು ಕಿರಿಚಿ, ಲೈನು ಮುಗಿದು ಅದರ ಹಿಂದಿನ ತೆಳು ದಾರವೂ ನೂರು ಗಜದಷ್ಟು ಓಡಿತು. ನಾಲ್ಕು ಪೌಂಡಿನ ಮೀನಿನಲ್ಲಿ ಅಂಥ ಓಟ ಅಡಗಿರುವುದನ್ನು ನಾನು ಊಹಿಸಿರಲಿಲ್ಲ. ನನ್ನ ಮೊಣಕಾಲುಗಳು ನಡುಗುತ್ತಿದ್ದವು. ಫ್ಲಾರಿಡಾದಲ್ಲಿ 2013ರಿಂದ ಹಿಡಿದ ಬೋನ್‌ಫಿಶ್ ಅನ್ನು ಮತ್ತೆ ನೀರಿಗೆ ಬಿಡಲೇಬೇಕೆಂಬ ನಿಯಮವಿದೆ. ಸುಸ್ತಾದ ಮೀನಿನ ಹಿಂದೆ ಶಾರ್ಕ್ ಬರುವುದುಂಟು, ಆದ್ದರಿಂದ ಗೈಡ್ ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿದರು. ಫೋಟೋ ಬೇಡವೆಂದು ನಾನೇ ಹೇಳಿದೆ. ಅಂಗೈಯಿಂದ ಹೊರಟ ಮೀನು ಎರಡು ಮಾರು ದೂರದಲ್ಲಿ ಮತ್ತೆ ಹುಲ್ಲಾಯಿತು.

ಸಂಜೆ ರೀಲನ್ನು ಸಿಹಿನೀರಿನಲ್ಲಿ ತೊಳೆಯಲು ಅಂಗಡಿಗೆ ಹೋದೆ. ಉಪ್ಪು ಒಂದು ರಾತ್ರಿ ಉಳಿದರೂ ಲೋಹ ತಿನ್ನಲು ತೊಡಗುತ್ತದೆಯಂತೆ. ಮೀನು ಸಿಕ್ಕಿತೇ ಎಂದು ಹಿರಿಯರು ಕೇಳಲಿಲ್ಲ. ನನ್ನ ಎಡಗೈಯ ತೋರುಬೆರಳಿನ ಮೇಲೆ ಓಡುವ ಲೈನು ಕೊರೆದ ಕೆಂಪು ಗೆರೆಯನ್ನು ನೋಡಿ, ಡ್ರಾಯರಿನಿಂದ ಬಟ್ಟೆಯ ಪಟ್ಟಿ ತೆಗೆದು ತಾವೇ ಸುತ್ತಿದರು.