ಟಾಲಿಲಿನ್ ರೈಲಿಗೆ ಒಂದು ಇಡೀ ದಿನ ಎತ್ತಿಡಿ

ಬ್ರಿಟನ್ನಿನಲ್ಲಿರುವ ನಮ್ಮವರು ವೇಲ್ಸ್ ಅಂದರೆ ಸ್ನೋಡನ್ ಬೆಟ್ಟ ನೋಡಿ ವಾಪಸ್ ಬಂದುಬಿಡುತ್ತಾರೆ. ಇನ್ನೊಂದು ದಿನ ಸಿಕ್ಕಿದರೆ ಸಮುದ್ರದಂಚಿನ ಟವಿನ್ ಊರಿಗೆ ಹೋಗಿ. ಟಾಲಿಲಿನ್ ಎಂಬ ಪುಟ್ಟ ಉಗಿ ರೈಲು ಹೊರಡುವುದು ಅಲ್ಲಿಂದಲೇ.

ಸ್ಲೇಟ್ ಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಹಳಿ ಇದು. ಅಗಲ ಬರೀ 2 ಅಡಿ 3 ಅಂಗುಲ. 1950ರಲ್ಲಿ ಮಾಲೀಕರು ತೀರಿಕೊಂಡರು, ರೈಲು ಇನ್ನೇನು ನಿಂತೇ ಹೋಗಬೇಕಿತ್ತು. ರೈಲಿನ ಹುಚ್ಚಿದ್ದವರು ಒಟ್ಟಾಗಿ 1951ರಲ್ಲಿ ತಾವೇ ಓಡಿಸಲು ಶುರು ಮಾಡಿದರು. ಸ್ವಯಂಸೇವಕರು ಹೀಗೆ ಉಳಿಸಿಕೊಂಡ ರೈಲುಗಳಲ್ಲಿ ಜಗತ್ತಿಗೇ ಇದು ಮೊದಲನೆಯದು. ಇವತ್ತಿಗೂ ಗಾರ್ಡ್, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರೇ. ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ, ಕೈಯ ಮಸಿ ಒರೆಸಿಕೊಳ್ಳುತ್ತಾ ಎಷ್ಟು ಹೊತ್ತಾದರೂ ವಿವರಿಸುತ್ತಾರೆ.

ಬೋಗಿ ಹತ್ತುವಾಗ ಬಾಗಿಲು ಗಮನಿಸಿ. ಒಂದೇ ಪಕ್ಕಕ್ಕೆ ಇವೆ. 1866ರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಬಂದಾಗ ಸೇತುವೆಗಳ ಕೆಳಗೆ ಬೋಗಿಯ ಪಕ್ಕಕ್ಕೆ ಜಾಗ ಸಾಲದು ಅಂತ ಗೊತ್ತಾಯಿತು. ಸೇತುವೆ ಒಡೆದು ಕಟ್ಟಲು ದುಡ್ಡು ಬೇಕಲ್ವಾ? ಹಳಿಯನ್ನೇ ಸ್ವಲ್ಪ ಒಂದು ಪಕ್ಕಕ್ಕೆ ಸರಿಸಿ, ಗೋಡೆಗೆ ಹತ್ತಿರವಾದ ಆ ಪಕ್ಕದ ಬಾಗಿಲುಗಳನ್ನು ಮುಚ್ಚಿಬಿಟ್ಟರು. ಆ ಏರ್ಪಾಡು ಈಗಲೂ ಹಾಗೇ ಇದೆ.

ಬರ್ಮಿಂಗ್‌ಹ್ಯಾಮಿನಿಂದ ಟವಿನ್‌ಗೆ ರೈಲಿದೆ. ಮಖನ್ಲೆತ್‌ನಲ್ಲಿ ಅದು ಎರಡು ಭಾಗವಾಗಿ, ಒಂದು ಅಬರಿಸ್ಟ್‌ವಿತ್ ಕಡೆಗೆ ಹೋಗುತ್ತದೆ. ನೀವು ಪುಲ್‌ಹೆಲಿ ಕಡೆಯ ಬೋಗಿಯಲ್ಲಿ ಕೂತಿರಬೇಕು. ಟವಿನ್‌ನಲ್ಲಿ ಇಳಿದರೆ ಟಾಲಿಲಿನ್ ರೈಲು ಹೊರಡುವ ವಾರ್ಫ್ ಸ್ಟೇಷನ್ನಿಗೆ ಸ್ವಲ್ಪವೇ ನಡಿಗೆ.

ಏಳೂಕಾಲು ಮೈಲಿ ದಾರಿ. ಒಂದೇ ಏಟಿಗೆ ಹೋಗಿ ಬರಬೇಡಿ. ಟಿಕೆಟ್ ಕೊಳ್ಳುವಾಗಲೇ ನಡುವೆ ಇಳಿದು ಹತ್ತಬಹುದೇ ಅಂತ ಕೇಳಿಕೊಂಡು ಡೊಲ್ಗೋಕ್‌ನಲ್ಲಿ ಇಳಿಯಿರಿ. ಕಮಾನು ಸೇತುವೆಯ ಕೆಳಗೆ ಹಾದು ಹೋದರೆ ಜಲಪಾತ. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದರೆ ಅಲ್ಲೇ ಬಿಚ್ಚಿ. ಕಲ್ಲು ಜಾರುತ್ತದೆ, ಒಳ್ಳೆ ಶೂ ಇರಲಿ. ರೇನ್‌ಕೋಟಂತೂ ಬೇಕೇ ಬೇಕು, ಇದು ವೇಲ್ಸ್! ಕೊನೆಯ ನಿಲ್ದಾಣ ನಾಂಟ್ ಗ್ವೆರ್ನೊಲ್‌ಗೆ ಕಾರಿನ ರಸ್ತೆ ಇಲ್ಲ, ಇಂಜಿನ್ ಅಲ್ಲಿ ಈ ತುದಿಯಿಂದ ಆ ತುದಿಗೆ ಬರುವುದನ್ನು ಹತ್ತಿರದಿಂದ ನೋಡಬಹುದು.

ಮಕ್ಕಳಿದ್ದರೆ ವಾರ್ಫ್‌ನಲ್ಲಿರುವ ನ್ಯಾರೋಗೇಜ್ ಮ್ಯೂಸಿಯಂ ಬಿಡಬೇಡಿ. ಥಾಮಸ್ ಇಂಜಿನ್ನಿನ ಕತೆ ಬರೆದ ಆಡ್ರಿ ಇಲ್ಲಿ ಗಾರ್ಡ್ ಕೆಲಸ ಮಾಡಿದವರು. ಅವರ ಓದುವ ಕೋಣೆಯನ್ನು ಒಳಗೆ ಹಾಗೇ ಜೋಡಿಸಿಟ್ಟಿದ್ದಾರೆ. ಚಳಿಗಾಲದಲ್ಲಿ ರೈಲು ತೀರಾ ಕಡಿಮೆ, ವೇಳಾಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ.